ನಿರ್ದೇಶಕರ ಪೂರ್ವಾಶ್ರಮ

ಋಷಿಮೂಲ, ನದೀಮೂಲಗಳನ್ನು ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಋಷಿಗಳ ಹಾಗೂ ನದಿಗಳ ವಿಷಯದಲ್ಲಿ ಆ ಮಾತು ಹಾಗೆಯೇ ಇರಲಿ. ಕಂಪೆನಿಗಳ ನಿರ್ದೇಶಕರ ಮೂಲವನ್ನು ಮಾತ್ರ ಕೇಳಲೇಬೇಕೆಂಬುದು ಬ್ಯಾಂಕಿನ ವೃತ್ತಿ ನನಗೆ ಕಲಿಸಿದ ಪಾಠ. ಸಾಲದ ಅರ್ಜಿಯೊಂದು ಮೇಜಿನ ಮೇಲೆ ಬಂದರೆ ಆಸ್ತಿ-ಹೊಣೆಗಳ ತಖ್ತೆಯನ್ನು ನೋಡುವ ಮುನ್ನವೇ ನಾವು ನೋಡುವುದು ಉದ್ಯಮವನ್ನು ನಡೆಸುವವರು ಯಾರು, ಇದಕ್ಕೆ ಮುಂಚೆ ಅವರು ಏನು ಮಾಡಿಕೊಂಡಿದ್ದರು ಎಂಬುದನ್ನು. ಅಂಕಿಗಳನ್ನು ಒಂದು ವರ್ಷದ ಮಟ್ಟಿಗೆ ಸಿಂಗರಿಸಬಹುದು. ಇಪ್ಪತ್ತು ವರ್ಷಗಳ ಪೂರ್ವಾಶ್ರಮವನ್ನು ಸಿಂಗರಿಸುವುದು ಕಷ್ಟ.

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮೊಣಕಾಲಿನ ಸವೆತ ಮೊದಲಾದವುಗಳ ಬಗ್ಗೆ ವೈದ್ಯಮಿತ್ರರು ಅಧಿಕಾರವಾಣಿಯಿಂದ ಬರೆಯುತ್ತಾರೆ. ವಾಣಿಜ್ಯ ಪದವೀಧರನಾದ ನನಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಪ್ರಶ್ನೆಯನ್ನು ವೈದ್ಯರು ಸಾಮಾನ್ಯವಾಗಿ ಕೇಳುವುದಿಲ್ಲ, ರೋಗಿಗಳಂತೂ ಕೇಳುವುದೇ ಇಲ್ಲ. ನಮ್ಮ ಮನೆಯ ಹಿರಿಯರೊಬ್ಬರ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಎಂಬ ಲೋಹದ ಜಾಳಿಗೆಯನ್ನು ಕೂರಿಸುತ್ತಾರೆನ್ನಿ. ಶಸ್ತ್ರವೈದ್ಯರ ಪದವಿಗಳೆಲ್ಲ ಅವರ ಕೊಠಡಿಯ ಬಾಗಿಲಲ್ಲೇ ಇರುತ್ತವೆ. ಆ ಜಾಳಿಗೆಯ ಕುರಿತು ನಮಗೆ ದೊರಕುವುದು ಕಡತಕ್ಕೆ ಅಂಟಿಸಿದ, ಬೆರಳಗಲದ ಒಂದು ಚೀಟಿ: ತಯಾರಕರ ಹೆಸರು, ತಂಡದ ಸಂಖ್ಯೆ, ಅಳತೆ. ವೈದ್ಯರು ಕೆಲಸ ಮುಗಿಸಿ ಕೈ ತೊಳೆದುಕೊಳ್ಳುತ್ತಾರೆ. ಜಾಳಿಗೆ ಮಾತ್ರ ಆಜೀವಪರ್ಯಂತ ಒಳಗೇ ಉಳಿಯುತ್ತದೆ. ಅದನ್ನು ಯಾವ ಲೋಹದಿಂದ ಮಾಡಬೇಕು, ಎಷ್ಟು ಪರೀಕ್ಷಿಸಬೇಕು, ಎಷ್ಟಕ್ಕೆ ಮಾರಬೇಕು, ದೋಷ ಕಂಡರೆ ಹಿಂದಕ್ಕೆ ಕರೆಸಿಕೊಳ್ಳಬೇಕೆ ಎಂಬುದನ್ನೆಲ್ಲ ಕೊನೆಗೆ ತೀರ್ಮಾನಿಸುವವರು ಕಂಪೆನಿಯ ನಿರ್ದೇಶಕ ಮಂಡಲಿಯವರು. ಅವರು ಯಾರು? ಪ್ರಸ್ತುತ ಲೇಖನದ ವಿಷಯ ಇಷ್ಟೆ.

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಕುರಕುಂಭವನ್ನು ಪರಿಚಯಿಸಬೇಕಾಗಿಲ್ಲ. ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರು ಹೋದರೆ, ದೌಂಡ್ ತಾಲೂಕಿನಲ್ಲಿ ಸಿಗುವ ಊರು. ವಿಜಯಪುರಕ್ಕೋ ಕಲಬುರಗಿಗೋ ಹೊರಟ ಬಸ್ಸಿನಲ್ಲಿ ಕುಳಿತವರಿಗೆ ಕಬ್ಬಿನ ಗದ್ದೆಗಳು ಮುಗಿದು, ಭಿಗವಣದ ಹಿನ್ನೀರು ಕಣ್ಣಿಗೆ ಬೀಳುವ ಮುಂಚೆ ರಸಾಯನದ ವಾಸನೆಯೊಂದು ಮೂಗಿಗೆ ಬಡಿಯುತ್ತದೆ; ಅದೇ ಕುರಕುಂಭದ ಗುರುತು. ಫಿರಂಗಾಯಿ ದೇವಿಯ ಗುಡಿಯಿಂದ ಹೆಸರಾದ ಈ ಊರಿನಲ್ಲಿ ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತು ಬೆಳೆದು, ರಾಸಾಯನಿಕ ಹಾಗೂ ಔಷಧ ಕಾರ್ಖಾನೆಗಳು ಸಾಲಾಗಿ ನಿಂತಿವೆ. ಸಿಪ್ಲಾ ಕಂಪೆನಿಯ ಕಾರ್ಖಾನೆ ಇಲ್ಲಿದೆ. ಪುಣೆಯದೇ ಆದ ಎಂಕ್ಯೂರ್ ಔಷಧ ಕಂಪೆನಿಯ ಮೂಲ ಔಷಧ ದ್ರವ್ಯಗಳ ಕಾರ್ಖಾನೆಯೂ ಇಲ್ಲಿದೆ. ಅವುಗಳ ಬೇಲಿಯ ಹೊರಗೆ ನಿಂತವನಿಗೆ ಕಾಣುವುದು ಕೊಳವೆ, ಗೋಪುರ, ಲಾರಿಗಳ ಸಾಲು. ಒಳಗಿನ ದ್ರವ್ಯ ಮಾತ್ರೆಯಾಗಿ ಯಾವ ಊರಿನ ಯಾರ ನಾಲಿಗೆಯ ಮೇಲೆ ಕರಗುವುದೋ!

ಎಂಕ್ಯೂರಿನ ವಿಷಯ ನನ್ನಂಥವರಿಗೆ ಕುತೂಹಲಕರ. 2024ರ ಜುಲೈ ತಿಂಗಳಲ್ಲಿ ಅದು ಸಾರ್ವಜನಿಕರಿಗೆ ಷೇರು ನೀಡಿತು. ಅಂಥ ಸಂದರ್ಭದಲ್ಲಿ ಪ್ರಕಟಿಸಬೇಕಾದ ದಪ್ಪನೆಯ ವಿವರಣ ಪತ್ರವನ್ನು ಜನ ಬೆಲೆಯ ಪುಟದ ಮಟ್ಟಿಗೆ ಓದಿ ಮುಚ್ಚಿಬಿಡುತ್ತಾರೆ. ನಾನು ಓದುವುದು ಆಡಳಿತವರ್ಗದ ಅಧ್ಯಾಯವನ್ನು. 1981ರಲ್ಲಿ ಕಂಪೆನಿಯನ್ನು ಸ್ಥಾಪಿಸಿದ ಸತೀಶ ಮೆಹತಾ ಅವರು ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಬಳಿಕ ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಓದಿದವರು. ಡಾ. ಮುಕುಂದ ಗುರ್ಜರ್ ಅವರು ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಬಂದ ವಿಜ್ಞಾನಿ. ಸ್ಥಾಪಕರ ಮಗಳು ನಮಿತಾ ಥಾಪರ್ ಅವರು ಚಾರ್ಟರ್ಡ್ ಅಕೌಂಟೆಂಟ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವ್ಯವಹಾರಾಡಳಿತ ಓದಿ, ಅಲ್ಲಿ ಹೃದಯಸಂಬಂಧಿ ಸಾಧನಗಳನ್ನು ತಯಾರಿಸುತ್ತಿದ್ದ ಗೈಡೆಂಟ್ ಕಂಪೆನಿಯಲ್ಲಿ ದುಡಿದವರು. ಅಧ್ಯಕ್ಷ ಪೀಠದಲ್ಲಿದ್ದ ಬರ್ಜಿಸ್ ದೇಸಾಯಿ ಅವರು ವಕೀಲರು. ಸ್ವತಂತ್ರ ನಿರ್ದೇಶಕರ ಸಾಲಿನಲ್ಲಿ ಪಶುವೈದ್ಯ ಪದವೀಧರರಾಗಿ ಔಷಧೋದ್ಯಮದಲ್ಲಿ ಮೇಲೇರಿದ ಡಾ. ಶೈಲೇಶ್ ಅಯ್ಯಂಗಾರ್, ಭಾರತದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ವಿಜಯ ಗೋಖಲೆ, ಬ್ಯಾಂಕ್ ಆಫ್ ಬರೋಡಾದ ಮುಖ್ಯಸ್ಥರಾಗಿದ್ದ ಪಿ. ಎಸ್. ಜಯಕುಮಾರ್. ಈ ಕೊನೆಯ ಹೆಸರನ್ನು ಕಂಡಾಗ ಕನ್ನಡದ ಬ್ಯಾಂಕು ನೌಕರನ ಮನಸ್ಸು ಒಂದು ಕ್ಷಣ ಬೇರೆಡೆಗೆ ಹೋಗದಿರದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿನಲ್ಲಿ ವಿಲೀನವಾದಾಗ ಆ ಬ್ಯಾಂಕಿನ ಚುಕ್ಕಾಣಿ ಅವರ ಕೈಯಲ್ಲಿತ್ತು. ಇರಲಿ, ಅದು ಬೇರೆಯ ಕಥೆ.

ಒಬ್ಬ ರಸಾಯನಜ್ಞ, ಒಬ್ಬ ವಿಜ್ಞಾನಿ, ಒಬ್ಬ ಲೆಕ್ಕಿಗ, ಒಬ್ಬ ವಕೀಲ, ಒಬ್ಬ ಪಶುವೈದ್ಯ, ಒಬ್ಬ ರಾಯಭಾರಿ, ಒಬ್ಬ ಬ್ಯಾಂಕರು! ಮದುವೆಯ ಪಂಕ್ತಿಯಲ್ಲಿ ಕುಳಿತವರಂತೆ ಕಾಣುವ ಈ ಮಿಶ್ರಣವನ್ನು ನೋಡಿ ವಾಚಕರು ಅಚ್ಚರಿಪಡಬೇಕಾಗಿಲ್ಲ. ದೊಡ್ಡ ಔಷಧ ಕಂಪೆನಿಗಳ ಮಂಡಲಿಗಳು ಇಂದು ಹೆಚ್ಚುಕಡಮೆ ಹೀಗೆಯೇ ಇರುತ್ತವೆ. ಔಷಧವು ಹೊರದೇಶಗಳಿಗೆ ಹೋಗುತ್ತದೆ. ಆದ್ದರಿಂದ ರಾಯಭಾರಿ ಬೇಕು. ಸ್ವಾಮ್ಯದ ವ್ಯಾಜ್ಯಗಳು ಏಳುತ್ತವೆ. ಆದ್ದರಿಂದ ವಕೀಲ ಬೇಕು. ಸಾಲದ ಹೊರೆಯಿರುತ್ತದೆ, ಆದ್ದರಿಂದ ಬ್ಯಾಂಕರು ಬೇಕು. ಹೀಗೆ ಒಬ್ಬೊಬ್ಬರಿಗೂ ಕಾರಣವಿದೆ. ನನಗೆ ಇಲ್ಲಿ ಸಮಾಧಾನ ತರುವ ಸಂಗತಿ ಬೇರೆ: ಸ್ಥಾಪಕನೂ ಒಬ್ಬ ವಿಜ್ಞಾನಿಯೂ ಪದಾರ್ಥವನ್ನು ಬಲ್ಲವರು. ಕುರಕುಂಭದ ಪಾತ್ರೆಯಲ್ಲಿ ಏನು ಕುದಿಯುತ್ತಿದೆಯೆಂಬುದನ್ನು ಅವರಿಗೆ ಇನ್ನೊಬ್ಬರು ಅರ್ಥಮಾಡಿಸಬೇಕಾಗಿಲ್ಲ.

ಔಷಧದ ಮಾತಿನಿಂದ ಈಗ ಸಾಧನಗಳಿಗೆ ಬರೋಣ. ಈ ಎರಡರ ನಡುವೆ ಇದ್ದ ಗೋಡೆಯನ್ನು ಕಾನೂನೇ ಕೆಡವಿದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ದೃಷ್ಟಿಯಲ್ಲಿ ‘ಔಷಧ’ಗಳೇ. ಮನೆಯ ಉಷ್ಣಮಾಪಕವಾಗಲಿ ಹೃದಯದ ಕೃತಕ ಕವಾಟವಾಗಲಿ, 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಡುತ್ತವೆ. ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳನ್ನು ಮಾಡಿದ್ದಾರೆ. ಸ್ಟೆಂಟ್ ಮತ್ತು ಕವಾಟಗಳು ಅತ್ಯಂತ ಅಪಾಯದ ಡಿ ವರ್ಗದವು.

ಈ ನಿಯಮಗಳಲ್ಲಿ ಒಂದು ಸ್ವಾರಸ್ಯವಿದೆ. ಸಾಧನವನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸದ ಮೇಲ್ವಿಚಾರಣೆ ನಡೆಸುವ ತಾಂತ್ರಿಕ ಸಿಬ್ಬಂದಿಗೆ ಇಂತಿಂಥ ಪದವಿ ಅಥವಾ ಡಿಪ್ಲೊಮಾ, ಇಷ್ಟು ವರ್ಷಗಳ ಅನುಭವ ಇರಬೇಕೆಂದು ಸ್ಪಷ್ಟವಾಗಿ ವಿಧಿಸಿದ್ದಾರೆ. ಆ ಮೇಲ್ವಿಚಾರಕನಿಗೆ ಸಂಬಳ ಕೊಡುವ, ಅವನ ಮಾತನ್ನು ಕೇಳುವ ಅಥವಾ ಕೇಳದಿರುವ ನಿರ್ದೇಶಕನಿಗೆ ಯಾವ ವಿದ್ಯಾರ್ಹತೆಯನ್ನೂ ವಿಧಿಸಿಲ್ಲ. 2013ರ ಕಂಪೆನಿ ಕಾಯಿದೆಯಲ್ಲೂ ಸಾಮಾನ್ಯ ನಿರ್ದೇಶಕನಿಗೆ ಪದವಿಯ ನಿರ್ಬಂಧವಿಲ್ಲ. ಹಾಗೆಂದು ಕಾಯಿದೆ ಅರ್ಹತೆಯನ್ನು ಪೂರ್ತಿ ಮರೆತಿದೆಯೆಂದೂ ಅಲ್ಲ. ಲೆಕ್ಕಪರಿಶೋಧನ ಸಮಿತಿಯ ಬಹುಪಾಲು ಸದಸ್ಯರು ಹಣಕಾಸಿನ ತಖ್ತೆಗಳನ್ನು ಓದಿ ತಿಳಿಯಬಲ್ಲವರಾಗಿರಬೇಕೆಂದು ಅದರ 177ನೆಯ ಕಲಮು ಹೇಳುತ್ತದೆ. ಹಣದ ತಖ್ತೆಯನ್ನು ಓದಲು ಬಲ್ಲವರು ಬೇಕು. ಪ್ರಯೋಗಾಲಯದ ತಖ್ತೆಯನ್ನು ಓದಲು ಬಲ್ಲವರು ಬೇಕೆಂದು ಎಲ್ಲಿಯೂ ಇಲ್ಲ. ವಾಣಿಜ್ಯ ಪದವೀಧರನಾಗಿ ಈ ಪಕ್ಷಪಾತದಿಂದ ನನಗೆ ಹೆಮ್ಮೆಯಾಗಬೇಕಿತ್ತು. ಆಗುವುದಿಲ್ಲ.

ಹಾಗಾದರೆ ವೈದ್ಯಕೀಯ ಸಾಧನಗಳ ಉದ್ಯಮವನ್ನು ಕಟ್ಟಿದವರು ಎಲ್ಲಿಂದ ಬಂದರು? ನೋಡುತ್ತ ಹೋದರೆ ವೈದ್ಯರಿಗಿಂತ ಇತರರೇ ಹೆಚ್ಚಾಗಿ ಕಾಣುತ್ತಾರೆ. ಜಗತ್ತಿನ ಅತಿ ದೊಡ್ಡ ಸಾಧನ ಕಂಪೆನಿಗಳಲ್ಲೊಂದಾದ ಮೆಡ್‌ಟ್ರಾನಿಕ್ 1949ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಒಂದು ಗ್ಯಾರೇಜಿನಲ್ಲಿ ಆರಂಭವಾಯಿತು. ಅರ್ಲ್ ಬ್ಯಾಕನ್ ಎಂಬ ವಿದ್ಯುತ್ ಎಂಜಿನಿಯರು ಆಸ್ಪತ್ರೆಯ ಕೆಟ್ಟ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ; ಅವನ ಪಾಲುದಾರನಾದ ಷಡ್ಡಕ ಮರದ ಅಡ್ಡೆಯಲ್ಲಿ ಕೆಲಸ ಮಾಡುತ್ತಿದ್ದವನು. 1957ರ ಅಕ್ಟೋಬರ್ ಕೊನೆಯಲ್ಲಿ ಆ ನಗರದ ವಿದ್ಯುತ್ತು ಕೆಟ್ಟುಹೋಗಿ, ಗೋಡೆಯ ವಿದ್ಯುತ್ತನ್ನೇ ನಂಬಿದ್ದ ಹೃದಯಪ್ರೇರಕ ಯಂತ್ರಗಳು ನಿಂತವು. ಡಾ. ಲಿಲ್ಲೆಹೈ ಎಂಬ ಶಸ್ತ್ರವೈದ್ಯರು ಬ್ಯಾಕನ್ನನ ಕಡೆಗೆ ತಿರುಗಿದರು. ಆತ ಸಂಗೀತಗಾರರ ತಾಳಯಂತ್ರದ ವಿದ್ಯುನ್ಮಂಡಲವೊಂದನ್ನು ಪತ್ರಿಕೆಯಲ್ಲಿ ನೋಡಿದ್ದ ನೆನಪಿನ ಮೇಲೆ, ಬ್ಯಾಟರಿಯಿಂದ ನಡೆಯುವ, ಕೊರಳಿಗೆ ತಗುಲಿಹಾಕಬಹುದಾದ ಪುಟ್ಟ ಪೆಟ್ಟಿಗೆಯನ್ನು ಮಾಡಿಕೊಟ್ಟ. ಹೃದಯಕ್ಕೂ ತಾಳಕ್ಕೂ ಇರುವ ನಂಟನ್ನು ಸಂಗೀತರಸಿಕರಾದ ನಮ್ಮವರು ಮೊದಲೇ ಬಲ್ಲರು! ಅದೇ ಕಂಪೆನಿಯನ್ನು 2011ರಿಂದ 2020ರವರೆಗೆ ನಡೆಸಿದವರು ಬಾಂಗ್ಲಾದೇಶ ಮೂಲದ ಎಂಜಿನಿಯರು ಒಮರ್ ಇಶ್ರಾಕ್. ಅವರ ಬಳಿಕ ಬಂದ ಜೆಫ್ ಮಾರ್ಥಾ ಹಣಕಾಸು ಓದಿ, ಜನರಲ್ ಎಲೆಕ್ಟ್ರಿಕ್ಕಿನ ಬಂಡವಾಳ ಶಾಖೆಯಲ್ಲಿ ಪಳಗಿದವರು. ರಿಪೇರಿಯ ಎಂಜಿನಿಯರಿನಿಂದ ಹಣಕಾಸಿನ ತಜ್ಞನವರೆಗೆ: ಅನೇಕ ಸಾಧನ ಕಂಪೆನಿಗಳು ನಡೆದ ದಾರಿ ಇದೇ.

ನಮ್ಮಲ್ಲಿಯೂ ಅಷ್ಟೆ. ಸೂರತ್ತಿನ ಸಹಜಾನಂದ ಮೆಡಿಕಲ್ ಟೆಕ್ನಾಲಜೀಸ್ ಕಂಪೆನಿ ಸ್ಟೆಂಟ್ ತಯಾರಿಸುತ್ತದೆ. ಅದರ ಸ್ಥಾಪಕ ಧೀರಜ್‌ಲಾಲ್ ಕೊಟಾಡಿಯಾ ಅವರು ಬಂದದ್ದು ವಜ್ರವನ್ನು ಲೇಸರ್ ಕಿರಣದಿಂದ ಕೊಯ್ಯುವ ಯಂತ್ರಗಳ ವ್ಯವಹಾರದಿಂದ. ಮೊದಲಿಗೆ ನಗು ಬರುತ್ತದೆ. ಆದರೆ ಸ್ಟೆಂಟ್ ಎಂದರೆ ಕೂದಲೆಳೆಯಷ್ಟು ತೆಳುವಾದ ಕಡ್ಡಿಗಳು ಉಳಿಯುವಂತೆ ಲೋಹದ ಸಣ್ಣ ನಳಿಕೆಯನ್ನು ಲೇಸರ್‌ನಿಂದ ಕೊರೆದ ಜಾಳಿಗೆ ಎಂಬುದು ತಿಳಿದಾಗ, ವಜ್ರದ ಅಂಗಡಿಯಿಂದ ಹೃದಯದ ಅಂಗಡಿಗೆ ಇರುವ ದೂರ ಒಂದೇ ಬೀದಿಯದೆಂದು ಗೊತ್ತಾಗುತ್ತದೆ.

ಬೆಂಗಳೂರನ್ನು ಕೇಂದ್ರವಾಗಿಸಿಕೊಂಡ ಬಿ.ಪಿ.ಎಲ್. ಎಂಬ ಹೆಸರನ್ನು ಕೇಳಿದರೆ ನಮ್ಮ ಪೀಳಿಗೆಗೆ ನೆನಪಾಗುವುದು ದೂರದರ್ಶನದ ಪೆಟ್ಟಿಗೆ. ಆದರೆ ಬಣ್ಣದ ಟಿ.ವಿ.ಗೆ ಮುಂಚಿನಿಂದಲೇ ಆ ಕಂಪೆನಿ ಹೃದಯದ ಬಡಿತವನ್ನು ಕಾಗದದ ಮೇಲೆ ಬರೆಯುವ ಇ.ಸಿ.ಜಿ. ಯಂತ್ರವನ್ನು ಮಾಡುತ್ತಿತ್ತು. ಟಿ. ಪಿ. ಗೋಪಾಲನ್ ನಂಬಿಯಾರ್ ಅವರು 1963ರಲ್ಲಿ ಪಾಲಕ್ಕಾಡಿನಲ್ಲಿ ಅದನ್ನು ಆರಂಭಿಸಿದ್ದು ಅಳತೆಯ ಮಾಪಕಗಳಿಗಾಗಿ. ಸೂಕ್ಷ್ಮವಾದ ವಿದ್ಯುತ್ತನ್ನು ತಪ್ಪಿಲ್ಲದೆ ಅಳೆಯುವ ವಿದ್ಯೆ ಕೈವಶವಾದ ಮೇಲೆ, ಎದೆಯ ಮೇಲ್ಮೈಯಲ್ಲಿ ಹರಿಯುವ ಒಂದು ಮಿಲಿವೋಲ್ಟ್ ಆಸುಪಾಸಿನ ವಿದ್ಯುತ್ತನ್ನು ಅಳೆಯುವುದು ಮುಂದಿನ ಹೆಜ್ಜೆಯಾಯಿತು. ಟಿ.ವಿ.ಯ ವೈಭವ ಬಂದಿತು, ಇಳಿಯಿತು. ವೈದ್ಯಕೀಯ ಶಾಖೆ ಮಾತ್ರ ಬೇರೆ ಕಂಪೆನಿಯಾಗಿ ಉಳಿದುಕೊಂಡಿತು. ನಂಬಿಯಾರ್ ಅವರು 2024ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಜಿಲ್ಲಾ ಕೇಂದ್ರದ ಸಣ್ಣ ದವಾಖಾನೆಯಲ್ಲಿ, ಹಾಸಿಗೆಯ ಪಕ್ಕದ ಕಬ್ಬಿಣದ ಮೇಜಿನ ಮೇಲೆ ಆ ಯಂತ್ರವನ್ನು ನೋಡಿದ ನೆನಪು ನಮ್ಮಲ್ಲಿ ಅನೇಕರಿಗಿದ್ದೀತು.

ಈ ಎಲ್ಲ ಉದಾಹರಣೆಗಳಲ್ಲೂ ಹೊರಗಿನ ವೃತ್ತಿಯವನೇ ಒಳಗೆ ಬಂದಿದ್ದಾನೆ. ಆದರೆ ಬರಿಗೈಯಲ್ಲಿ ಬಂದಿಲ್ಲ. ಕೈಯಲ್ಲೊಂದು ಕಸುಬನ್ನು ಹಿಡಿದೇ ಬಂದಿದ್ದಾನೆ. ಈ ಮಾತು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಹೃದಯಕವಾಟದ ಇತಿಹಾಸದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ.

ಕೆಳದರ್ಜೆಯ ಗಂಟಲುನೋವೆಂದು ಬಿಟ್ಟ ಜ್ವರ ಮಕ್ಕಳ ಹೃದಯದ ಕವಾಟವನ್ನು ತಿಂದುಹಾಕುವ ಸಂಧಿವಾತದ ಹೃದ್ರೋಗ ನಮ್ಮ ದೇಶದ ಬಡವರ ಕಾಯಿಲೆ. ಕೆಟ್ಟ ಕವಾಟಕ್ಕೆ ಬದಲಾಗಿ ಹಾಕುವ ಕೃತಕ ಕವಾಟವನ್ನು ಒಂದು ಕಾಲದಲ್ಲಿ ಹೊರದೇಶದಿಂದಲೇ ತರಿಸಬೇಕಾಗಿತ್ತು. ಅದರ ಬೆಲೆ ಕೇಳಿ ಮನೆಗೆ ಹಿಂದಿರುಗಿದವರೇ ಹೆಚ್ಚು. ಶ್ರೀಚಿತ್ರಾ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಎಂ. ಎಸ್. ವಲಿಯತ್ತಾನ್ ಅವರು ಹೃದಯದ ಶಸ್ತ್ರವೈದ್ಯರು. ಆದರೆ ಕವಾಟವನ್ನು ತಾವೊಬ್ಬರೇ ಮಾಡಲಾಗದೆಂದು ಅರಿತು ಜಿ. ಎಸ್. ಭುವನೇಶ್ವರ್ ಮೊದಲಾದ ಎಂಜಿನಿಯರುಗಳನ್ನು ಜೊತೆಗೆ ಕೂಡಿಸಿಕೊಂಡರು. ಆಸ್ಪತ್ರೆಯೂ ಯಂತ್ರಾಗಾರವೂ ಒಂದೇ ಸಂಸ್ಥೆಯ ಎರಡು ಅಂಗಗಳಾದವು. ಒಂದಲ್ಲ, ಎರಡಲ್ಲ, ಮೂರು ಮಾದರಿಗಳನ್ನು ಕೈಬಿಡಬೇಕಾಯಿತು. ಒಂದು ಹಂತದಲ್ಲಿ ತೆರೆದು ಮುಚ್ಚುವ ಬಿಲ್ಲೆಯನ್ನು ಕೃತಕ ನೀಲಮಣಿಯಿಂದ ಮಾಡಿ ನೋಡಿದರು. ಅಷ್ಟು ಗಟ್ಟಿಯಾದ ವಸ್ತುವೂ ಕೈಕೊಟ್ಟಿತು. ನಾಲ್ಕನೆಯ ಮಾದರಿಯಲ್ಲಿ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟಿಗೆ ವಿಶೇಷ ಬಗೆಯ ಪಾಲಿಥೀನ್ ಬಿಲ್ಲೆಯನ್ನು ಹೊಂದಿಸಿದರು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ಒಬ್ಬ ರೋಗಿಯ ಹೃದಯದಲ್ಲಿ ಕೂರಿಸಲಾಯಿತು.

ಮೂರು ಬಾರಿ ‘ಇದು ಆಗದು’ ಎನ್ನಬೇಕಾದರೆ ಹಾಗೆನ್ನಲು ಯೋಗ್ಯತೆಯೂ ಅಧಿಕಾರವೂ ಒಬ್ಬನಲ್ಲೇ ಇರಬೇಕು. ಸಂಸ್ಥೆಯ ಮುಖ್ಯಸ್ಥ ಬರಿಯ ಆಡಳಿತಗಾರನಾಗಿದ್ದರೆ ಎರಡನೆಯ ಮಾದರಿಗೇ ಪತ್ರಿಕಾಗೋಷ್ಠಿ ನಡೆಯುತ್ತಿತ್ತೇನೋ! ಕುರಿಯ ಹೃದಯದಲ್ಲಿ ಸೋತ ಕವಾಟವನ್ನು ಮನುಷ್ಯನ ಹೃದಯದಲ್ಲಿಡಲು ಎದೆಗೂಡನ್ನು ತೆರೆಯಬೇಕಾದವರು ಸ್ವತಃ ವಲಿಯತ್ತಾನರಂಥವರೇ ಆಗಿದ್ದರು.

ಕವಾಟ ಸಿದ್ಧವಾಯಿತು, ತಯಾರಿಸಿ ಮಾರುವವರು ಯಾರು? ಮುಂದೆ ಬಂದದ್ದು ಟಿ.ಟಿ.ಕೆ. ಸಮೂಹ. ಟಿ. ಟಿ. ಕೃಷ್ಣಮಾಚಾರಿಯವರು 1928ರಲ್ಲಿ ಆರಂಭಿಸಿದ ಈ ಸಮೂಹವನ್ನು ನಮ್ಮ ಗೃಹಿಣಿಯರು ಬಲ್ಲದ್ದು ಪ್ರೆಸ್ಟೀಜ್ ಕುಕ್ಕರಿನಿಂದ, ತಾಯಂದಿರು ಬಲ್ಲದ್ದು ವುಡ್‌ವರ್ಡ್ಸ್ ಗ್ರೈಪ್ ವಾಟರಿನಿಂದ. ಕುಕ್ಕರಿನ ಮನೆತನಕ್ಕೆ ಹೃದಯದ ಕವಾಟವೇ ಎಂದು ಕೇಳಬಹುದು. (ಕುಕ್ಕರಿಗೂ ಒಂದು ಕವಾಟವಿದೆ, ಅದೂ ಸಮಯಕ್ಕೆ ತೆರೆಯದಿದ್ದರೆ ಅಪಾಯವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ತಮಾಷೆ ಮಾಡಿದ್ದುಂಟು.) ಟಿ.ಟಿ.ಕೆ.ಯವರು ತಂದದ್ದು ಹೃದಯದ ಜ್ಞಾನವನ್ನಲ್ಲ. ತಾಳ್ಮೆಯ ಬಂಡವಾಳವನ್ನು, ಊರೂರಿಗೂ ತಲುಪುವ ವಿತರಣೆಯ ಶಕ್ತಿಯನ್ನು. ಜ್ಞಾನ ಶ್ರೀಚಿತ್ರಾದಿಂದ ಬಂದಿತು. ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳಿಗೆ ಟಿ.ಟಿ.ಕೆ. ಚಿತ್ರಾ ಕವಾಟವನ್ನು ಅಳವಡಿಸಿದ್ದಾರೆ. ವಲಿಯತ್ತಾನ್ ಅವರು ಆಮೇಲೆ 1993ರಿಂದ 1999ರವರೆಗೆ ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯ ಮೊದಲ ಉಪಕುಲಪತಿಗಳಾಗಿದ್ದು, ಮಣಿಪಾಲವನ್ನೇ ಮನೆಯಾಗಿಸಿಕೊಂಡು, ಆಯುರ್ವೇದದ ಸಂಹಿತೆಗಳನ್ನು ಅಭ್ಯಾಸ ಮಾಡುತ್ತ, 2024ರ ಜುಲೈ 17ರಂದು ಅಲ್ಲಿಯೇ ಕಾಲವಾದರು. ಕನ್ನಡ ನಾಡು ಅವರನ್ನು ಇನ್ನೂ ಸ್ವಲ್ಪ ಹೆಚ್ಚಾಗಿ ನೆನೆಯಬೇಕಿತ್ತು.

ಇದಕ್ಕೆ ತೀರ ವಿರುದ್ಧವಾದ ಚಿತ್ರವೊಂದನ್ನು ನೋಡಬೇಕಾದರೆ ಅಮೆರಿಕದ ಥೆರನೋಸ್ ಕಂಪೆನಿಯ ಮಂಡಲಿಯನ್ನು ನೋಡಬೇಕು. ಎಲಿಜಬೆತ್ ಹೋಮ್ಸ್ ಎಂಬ 19 ವರ್ಷದ ತರುಣಿ 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟು ಅದನ್ನು ಸ್ಥಾಪಿಸಿದಳು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ಮಾಡುವ ಯಂತ್ರವೆಂದು ಹೇಳಿಕೊಂಡಳು. 2014ರ ಹೊತ್ತಿಗೆ ಕಂಪೆನಿಯ ಬೆಲೆಯನ್ನು 900 ಕೋಟಿ ಡಾಲರೆಂದು ಎಣಿಸಲಾಗಿತ್ತು. ಆಗಿನ ಮಂಡಲಿಯಲ್ಲಿ ಕುಳಿತಿದ್ದವರ ಹೆಸರುಗಳನ್ನು ಕೇಳಿದರೆ ಎದ್ದು ನಿಲ್ಲಬೇಕೆನಿಸುತ್ತದೆ: ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಶುಲ್ಟ್ಜ್ ಮತ್ತು ಹೆನ್ರಿ ಕಿಸಿಂಜರ್, ರಕ್ಷಣಾ ಸಚಿವರಾಗಿದ್ದ ವಿಲಿಯಂ ಪೆರಿ, ಸೆನೆಟರ್ ಸ್ಯಾಮ್ ನನ್, ಜನರಲ್ ಜೇಮ್ಸ್ ಮ್ಯಾಟಿಸ್, ನೌಕಾದಳದ ಅಡ್ಮಿರಲ್ ಗ್ಯಾರಿ ರಫ್‌ಹೆಡ್. ನಮ್ಮ ವೃತ್ತಿಯ ಪ್ರತಿನಿಧಿಯೂ ಇದ್ದರು: ವೆಲ್ಸ್ ಫಾರ್ಗೋ ಬ್ಯಾಂಕಿನ ಮುಖ್ಯಸ್ಥರಾಗಿದ್ದ ರಿಚರ್ಡ್ ಕೊವಾಸೆವಿಚ್. ಶಸ್ತ್ರವೈದ್ಯರೂ ಸೆನೆಟರೂ ಆಗಿದ್ದ ಬಿಲ್ ಫ್ರಿಸ್ಟ್ ಇದ್ದರು. ಯುದ್ಧವನ್ನು ಸಾರಲು, ಶಾಂತಿಯನ್ನು ಸಂಧಾನಿಸಲು ಬಲ್ಲವರೆಲ್ಲ ಇದ್ದರು. ರಕ್ತಪರೀಕ್ಷೆಯ ಪ್ರಯೋಗಾಲಯವನ್ನು ನಡೆಸಿ ಬಲ್ಲವರು ಒಬ್ಬರೂ ಇರಲಿಲ್ಲ.

ಯಂತ್ರ ಹೇಳಿಕೊಂಡಷ್ಟು ಕೆಲಸ ಮಾಡುತ್ತಿರಲಿಲ್ಲ. ಬಹುಪಾಲು ಪರೀಕ್ಷೆಗಳನ್ನು ಬೇರೆ ಕಂಪೆನಿಗಳ ಸಾಮಾನ್ಯ ಯಂತ್ರಗಳಲ್ಲೇ ಗುಟ್ಟಾಗಿ ಮಾಡುತ್ತಿದ್ದರು. ಅರಿಝೋನಾದ ಗರ್ಭಿಣಿಯೊಬ್ಬಳಿಗೆ ಗರ್ಭ ನಿಲ್ಲದೆಂಬ ಅರ್ಥ ಬರುವ ತಪ್ಪು ಫಲಿತಾಂಶ ಬಂದದ್ದು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹೊರಬಿದ್ದಿತು. ಮಗು ಆರೋಗ್ಯವಾಗಿಯೇ ಹುಟ್ಟಿತು. ಒಳಗಿನ ಅಕ್ರಮವನ್ನು ಬಯಲಿಗೆ ತಂದವರಲ್ಲಿ ಒಬ್ಬ ಶುಲ್ಟ್ಜ್ ಅವರ ಸ್ವಂತ ಮೊಮ್ಮಗ ಟೈಲರ್. ಅಲ್ಲಿ ಕೆಲಸಕ್ಕಿದ್ದ ಜೀವವಿಜ್ಞಾನದ ಪದವೀಧರ ಆ ಹುಡುಗ ಅಜ್ಜನ ಮುಂದೆ ನಿಂತು ಯಂತ್ರ ಸರಿಯಿಲ್ಲವೆಂದ. ಮೂರು ಖಾತೆಗಳ ಸಚಿವಗಿರಿ ಮಾಡಿದ್ದ ಅಜ್ಜ ಮೊಮ್ಮಗನನ್ನು ನಂಬದೆ ಹೋಮ್ಸಳನ್ನು ನಂಬಿದರು. ಅಜ್ಜನ ಪ್ರಾಮಾಣಿಕತೆಯನ್ನು ನಾನು ಸಂಶಯಿಸುವುದಿಲ್ಲ. ಮೊಮ್ಮಗ ಹೇಳಿದ್ದನ್ನು ಒರೆಗೆ ಹಚ್ಚುವ ಒರೆಗಲ್ಲು ಅವರ ಬಳಿ ಇರಲಿಲ್ಲ, ಅಷ್ಟೆ. 2015ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬರೆಯಿತು. 2018ರಲ್ಲಿ ಕಂಪೆನಿ ಮುಚ್ಚಿತು. 2022ರ ಜನವರಿಯಲ್ಲಿ ಹೋಮ್ಸ್ ಹೂಡಿಕೆದಾರರಿಗೆ ವಂಚಿಸಿದ ಅಪರಾಧಿಯೆಂದು ತೀರ್ಪಾಗಿ, ಅದೇ ನವೆಂಬರಿನಲ್ಲಿ 11 ವರ್ಷ 3 ತಿಂಗಳ ಶಿಕ್ಷೆಯಾಯಿತು. ರೋಗಿಗಳಿಗೆ ವಂಚಿಸಿದ ಆರೋಪಗಳು ಅವಳ ಮೇಲೆ ಸಾಬೀತಾಗಲಿಲ್ಲ. ಹಣ ಕಳೆದುಕೊಂಡವರಿಗೆ ಸಿಕ್ಕ ನ್ಯಾಯ ತಪ್ಪು ಫಲಿತಾಂಶ ಪಡೆದವರಿಗೆ ಆ ಮೊಕದ್ದಮೆಯಲ್ಲಿ ಸಿಗಲಿಲ್ಲ.

ಹಾಗಾದರೆ ಮಂಡಲಿಯಲ್ಲಿ ವೈದ್ಯರನ್ನು ತುಂಬಿಬಿಟ್ಟರೆ ಸಾಕೆ? ಸಾಲದು. ಸಾಧನವನ್ನು ಬರೆದುಕೊಡುವವನೂ ಮಾರುವವನೂ ಒಬ್ಬನೇ ಆದರೆ ರೋಗಿಗೆ ಬೇರೊಂದು ಬಗೆಯ ಅಪಾಯ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿಯ ಮಿತಿಯನ್ನು ಹಾಕಿತು. ಅದಕ್ಕೆ ಮುಂಚೆ ಲೇಪಿತ ಸ್ಟೆಂಟಿಗೆ ಲಕ್ಷ ರೂಪಾಯಿ ಮೀರಿ ತೆತ್ತವರು ನಮ್ಮ ನಡುವೆಯೇ ಇದ್ದಾರೆ. ಕಾರ್ಖಾನೆಯಿಂದ ರೋಗಿಯವರೆಗಿನ ಹಾದಿಯಲ್ಲಿ ಬೆಲೆ ಹೇಗೆ ಉಬ್ಬುತ್ತಿತ್ತೆಂಬುದನ್ನು ಪ್ರಾಧಿಕಾರ ಪ್ರಕಟಿಸಿದ ಅಂಕಿಗಳೇ ತೋರಿಸಿದವು. ಇಂಥಲ್ಲಿ ಲೆಕ್ಕ ಬಲ್ಲವನೊಬ್ಬ ಮಂಡಲಿಯಲ್ಲಿದ್ದು, ಈ ಖರ್ಚು ಯಾವುದು, ಈ ಸಮ್ಮೇಳನದ ವಿಮಾನ ಟಿಕೆಟ್ಟು ಯಾರಿಗೆ ಎಂದು ಕೇಳಬೇಕು. ನಮ್ಮ ವೃತ್ತಿಯವರ ಉಪಯೋಗ ಅಲ್ಲಿದೆ.

ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಬಂದ ಒಂದು ಪ್ರಸ್ತಾವ ನೆನಪಾಗುತ್ತದೆ. ಒಂದು ಕೈಗಾರಿಕಾ ವಸಾಹತಿನಲ್ಲಿ ಶಸ್ತ್ರಕ್ರಿಯೆಗೆ ಬೇಕಾದ, ಒಮ್ಮೆ ಬಳಸಿ ಬಿಸಾಡುವ ಸಾಮಗ್ರಿಗಳನ್ನು ಮಾಡುವ ಸಣ್ಣ ಕಂಪೆನಿ. ತಂದೆ, ಮಗ, ಸೊಸೆ, ಮತ್ತೆ ಲೆಕ್ಕಪರಿಶೋಧಕನಾದ ಅಳಿಯ, ಹೀಗೆ ನಾಲ್ವರು ನಿರ್ದೇಶಕರು. ವಿಜ್ಞಾನ ಓದಿದವರು ಒಬ್ಬರೂ ಇಲ್ಲ. ತಂದೆ ಮೊದಲು ಪ್ಲಾಸ್ಟಿಕ್ ಆಟಿಕೆಗಳ ಅಚ್ಚು ಮಾಡುತ್ತಿದ್ದರಂತೆ. “ನಿಮ್ಮ ಸರಕು ಕೆಟ್ಟಿದೆಯೆಂದು ನಿಮಗೆ ಹೇಳುವವರು ಯಾರು?” ಎಂದು ಕೇಳಿದೆ. ಮುದುಕರು ಉತ್ತರ ಕೊಡದೆ ನನ್ನನ್ನು ಕಾರ್ಖಾನೆಯ ಹಿಂಭಾಗಕ್ಕೆ ಕರೆದೊಯ್ದರು. ಅನಿಲದಿಂದ ಸರಕನ್ನು ನಿರ್ಜೀವಾಣುಗೊಳಿಸುವ ಕೋಣೆ. ಪಕ್ಕದ ಉಗ್ರಾಣಕ್ಕೆ ಬೀಗ. ಬೀಗದ ಕೈ ಸೂಕ್ಷ್ಮಾಣುಶಾಸ್ತ್ರ ಓದಿದ ಒಬ್ಬ ತರುಣಿಯ ಬಳಿ. ಸರಕಿನ ಜೊತೆ ಇಟ್ಟ ಜೀವಾಣುವಿನ ಪಟ್ಟಿಯನ್ನು ಕೆಲವು ದಿನ ಶಾಖದಲ್ಲಿಟ್ಟು, ಏನೂ ಬೆಳೆಯಲಿಲ್ಲವೆಂದು ಆಕೆ ಸಹಿ ಹಾಕುವವರೆಗೆ ಮಾಲೀಕನಿಗೂ ಬಾಗಿಲು ತೆರೆಯದು. “ಎರಡು ಸಲ ತೆರೆಯಲಿಲ್ಲ. ಒಂದು ಸಲ ಲಾರಿ ಬಂದು ನಿಂತಿತ್ತು,” ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿದ್ದ ಅಸಮಾಧಾನ ನಟನೆಯದಾಗಿರಲಿಲ್ಲ. ನನಗೆ ನಂಬಿಕೆ ಹುಟ್ಟಿದ್ದೂ ಆ ಅಸಮಾಧಾನದಿಂದಲೇ. ಆ ತರುಣಿಯ ಹುದ್ದೆ ಖಾಲಿಯಾದರೆ ಒಂದು ತಿಂಗಳೊಳಗೆ ಬ್ಯಾಂಕಿಗೆ ತಿಳಿಸತಕ್ಕದ್ದೆಂಬ ಷರತ್ತನ್ನು ಸೇರಿಸಿ ಶಿಫಾರಸು ಬರೆದೆ. ಸಾಲದ ಕಾಗದಗಳಲ್ಲಿ ಅಂಥ ಷರತ್ತಿಗೆ ಅಚ್ಚಾದ ಜಾಗವಿಲ್ಲ, ಅಂಚಿನಲ್ಲಿ ಬರೆಯಬೇಕಾಯಿತು.

ದೊಡ್ಡ ಕಂಪೆನಿಗಳಲ್ಲಿ ನಾವು ಹೀಗೆ ಹಿಂಬಾಗಿಲಿಗೆ ಹೋಗಿ ನೋಡಲಾಗದು. ಆದರೆ ಷೇರುಪೇಟೆಯಲ್ಲಿ ಹೆಸರಿರುವ ಕಂಪೆನಿಗಳು ತಮ್ಮ ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಕೌಶಲಗಳ ಕೋಷ್ಟಕವನ್ನು ಕೊಡಬೇಕೆಂದು ಸೆಬಿ ವಿಧಿಸಿದೆ. ಯಾವ ನಿರ್ದೇಶಕನಿಗೆ ಯಾವ ಕೌಶಲವಿದೆಯೆಂಬುದನ್ನು ಹೆಸರುಸಹಿತ ತೋರಿಸಬೇಕು. ಕೆಲವು ವರದಿಗಳಲ್ಲಿ ಎಲ್ಲರ ಹೆಸರಿನೆದುರಿಗೂ ಎಲ್ಲ ಚೌಕಗಳಲ್ಲೂ ಗುರುತು ಹಾಕಿರುತ್ತಾರೆ, ಎಲ್ಲರೂ ಸಕಲಕಲಾವಲ್ಲಭರು! ಅಂಥ ಕೋಷ್ಟಕವನ್ನು ಮುಚ್ಚಿಟ್ಟು ಮುಂದಿನ ಪುಟದಲ್ಲಿರುವ ಜೀವನವೃತ್ತಾಂತಗಳನ್ನೇ ಓದುವುದು ಲೇಸು. ಅಲ್ಲಿ ಮೂರು ಜನರನ್ನು ಹುಡುಕಬೇಕು: ವಸ್ತುವನ್ನು ತಾನೇ ಮಾಡಿದವನೊಬ್ಬ, ಅದನ್ನು ರೋಗಿಯ ಮೇಲೆ ಬಳಸಿದವನೊಬ್ಬ, ಕಂಪೆನಿಯಿಂದ ಸಂಬಳ-ಸರಕು ಎರಡನ್ನೂ ಪಡೆಯದೆ ಪ್ರಶ್ನೆ ಕೇಳಬಲ್ಲವನೊಬ್ಬ. ಮೂವರೂ ಸಿಗುವ ಮಂಡಲಿಗಳು ನಾನು ನೋಡಿದ ಮಟ್ಟಿಗೆ ಹೆಚ್ಚಿಲ್ಲ.

ಕೊನೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ಸ್ಟೆಂಟಾಗಲಿ ಕವಾಟವಾಗಲಿ ಮೊಣಕಾಲಿನ ಕೃತಕ ಕೀಲಾಗಲಿ, ಆಸ್ಪತ್ರೆಯವರು ಕಡತಕ್ಕೆ ಅಂಟಿಸುವ ಆ ಚೀಟಿಯ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯ ಕಾಗದಪತ್ರಗಳೊಡನೆ ಇಟ್ಟುಕೊಳ್ಳತಕ್ಕದ್ದು. ಸಾಧನದಿಂದ ತೊಂದರೆಯಾದರೆ ವೈದ್ಯರು ಮಾತ್ರವಲ್ಲ, ರೋಗಿಯ ಮನೆಯವರೂ ಸರಕಾರಕ್ಕೆ ವರದಿ ಮಾಡಬಹುದು. ಇದಕ್ಕಾಗಿ 2015ರ ಜುಲೈ 6ರಂದು ಆರಂಭವಾದ ಸಾಧನ ಸುರಕ್ಷತಾ ಕಾರ್ಯಕ್ರಮವನ್ನು ಗಾಝಿಯಾಬಾದಿನ ಭಾರತೀಯ ಔಷಧಸಂಹಿತೆ ಆಯೋಗ ನಡೆಸುತ್ತದೆ. ವರದಿಯ ನಮೂನೆಯಲ್ಲಿ ಮೊದಲು ಕೇಳುವ ವಿವರಗಳಲ್ಲಿ ತಯಾರಕರ ಹೆಸರು, ತಂಡದ ಸಂಖ್ಯೆಗಳೂ ಇವೆ. ಆ ಚೀಟಿ ಕೈಯಲ್ಲಿಲ್ಲದಿದ್ದರೆ ಅವೆರಡನ್ನೂ ತುಂಬಲಾಗುವುದಿಲ್ಲ.